ಕೌಟುಂಬಿಕ ಹಿಂಸೆ: ಪೊಲೀಸ್ ಠಾಣೆಯಿಂದ ಮುಂದಿನ ನೆರವಿನ ದಾರಿ



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ಲಸಿಕೆ, ಹಸಿರು ಮೇವು, ಬೆದೆ ಗುರುತಿಸುವುದು ಇಂತಹ ವಿಷಯಗಳನ್ನು ಓದುತ್ತೀರಿ. ಈ ಸಂಚಿಕೆಯ ವಿಷಯ ಬೇರೆ. ಪಶುವೈದ್ಯರಿಗೂ ಇದಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಸಂಬಂಧವಿದೆ. ಹಸುವಿನ ಚಿಕಿತ್ಸೆಗೆಂದು ಕೊಟ್ಟಿಗೆಗೆ ಬಂದಾಗ ಹಗ್ಗ ಹಿಡಿದು ನಿಲ್ಲುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ಕೆಲವೊಮ್ಮೆ ಅವರ ಮುಂಗೈ ಊದಿರುತ್ತದೆ, ಕಣ್ಣಿನ ಸುತ್ತ ಕಪ್ಪುಗಟ್ಟಿರುತ್ತದೆ. "ಏನಮ್ಮಾ ಇದು?" ಎಂದು ಕೇಳಿದರೆ ಬರುವ ಉತ್ತರ ಒಂದೇ: "ಹಸ ಒದೀತು ಸಾರ್."

ಹಸು ಹೇಗೆ ಒದೆಯುತ್ತದೆ ಎಂಬುದು ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತು. ಅದು ಹಿಂಗಾಲನ್ನು ಮುಂದಕ್ಕೆ ತಂದು ಪಕ್ಕಕ್ಕೆ ಬೀಸುತ್ತದೆ. ಹಾಲು ಕರೆಯಲು ಕುಳಿತವರ ಮೊಣಕಾಲು, ತೊಡೆ, ಮುಂಗೈಗೆ ಪೆಟ್ಟಾಗುತ್ತದೆ. ಅಪರೂಪಕ್ಕೆ ಎದೆಗೋ ಮುಖಕ್ಕೋ ತಗಲುವುದುಂಟು. ಆದರೆ ಕುತ್ತಿಗೆಯ ಸುತ್ತ ಬೆರಳಿನ ಗುರುತು ಯಾವ ಹಸುವಿನ ಗೊರಸಿನಿಂದಲೂ ಬೀಳುವುದಿಲ್ಲ. ಬೆನ್ನಿನ ಮೇಲೆ ಉದ್ದುದ್ದ ಬಾಸುಂಡೆ ಏಳುವುದೂ ಒದೆತದಿಂದಲ್ಲ.

2019-20ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 18ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರ ಪೈಕಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಇಡೀ ದೇಶದ ಲೆಕ್ಕದಲ್ಲಿ, ಪೆಟ್ಟು ತಿಂದವರಲ್ಲಿ ನೆರವು ಕೇಳಿದವರು ನೂರಕ್ಕೆ 14 ಮಂದಿ ಮಾತ್ರ. 77 ಮಂದಿ ನೆರವು ಕೇಳುವುದಿರಲಿ, ಯಾರೊಡನೆಯೂ ಬಾಯಿ ಬಿಟ್ಟಿಲ್ಲ. ಕೇಳಿದವರಲ್ಲೂ ಹೆಚ್ಚಿನವರು ಹೋದದ್ದು ತವರಿನವರ ಬಳಿಗೆ. ಪೊಲೀಸರ ಬಳಿಗೆ ಹೋದವರು ತೀರಾ ಕಡಿಮೆ. ಠಾಣೆಗೆ ಹೋದರೆ ಮುಂದೇನಾಗುತ್ತದೆ ಎಂಬುದು ಗೊತ್ತಿಲ್ಲದಿರುವುದು ಇದಕ್ಕೆ ಒಂದು ದೊಡ್ಡ ಕಾರಣ. ಆದ್ದರಿಂದ ಅದನ್ನೇ ಇಲ್ಲಿ ವಿವರಿಸಲಾಗಿದೆ.

ಜಗಳ ಬೇರೆ, ಹಿಂಸೆ ಬೇರೆ

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆಯನ್ನು ಊರಿನ ಹಿರಿಯರು ಹೇಳಿ ಕಳಿಸಿಬಿಡುತ್ತಾರೆ. ಜಗಳಕ್ಕೆ ಆ ಗಾದೆ ಸರಿ. ಜಗಳದಲ್ಲಿ ಇಬ್ಬರಿಗೂ ಬಾಯಿರುತ್ತದೆ. ಒಬ್ಬರು ಇನ್ನೊಬ್ಬರಿಗೆ ಹೆದರಿ ಬದುಕುವ ಸ್ಥಿತಿ ಬಂದಾಗ ಅದು ಜಗಳವಾಗಿ ಉಳಿಯುವುದಿಲ್ಲ.

2005ರಲ್ಲಿ ಸಂಸತ್ತು ಅಂಗೀಕರಿಸಿದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಇದರ ಪ್ರಕಾರ ಹಿಂಸೆ ಎಂದರೆ ಹೊಡೆತ ಬಡಿತ ಮಾತ್ರವಲ್ಲ. ಲೈಂಗಿಕ ಹಿಂಸೆ, ಬೈಗುಳ, ಗಂಡು ಮಗು ಹೆರಲಿಲ್ಲವೆಂದು ಹೀಯಾಳಿಸುವುದು, ಹೊಡೆಯುತ್ತೇನೆಂದು ಬೆದರಿಸುವುದು, ಹಣಕಾಸಿನ ಹಿಂಸೆ ಎಲ್ಲವೂ ಸೇರುತ್ತವೆ. ದೂರು ಕೊಡಬಹುದಾದವರು ಹೆಂಡತಿ ಮಾತ್ರ ಅಲ್ಲ. ಒಂದೇ ಮನೆಯಲ್ಲಿ ಬಾಳುವ ಅಥವಾ ಬಾಳಿದ ತಾಯಿ, ಮಗಳು, ಅಕ್ಕತಂಗಿ, ವಿಧವೆಯಾದ ಸೊಸೆ, ಅತ್ತೆ ಇವರಿಗೂ ಹಕ್ಕಿದೆ. 2016ರ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ, ಹಿಂಸೆ ಕೊಟ್ಟವರು ಹೆಂಗಸರಾಗಿದ್ದರೂ ಅವರ ಮೇಲೆ ಅರ್ಜಿ ಹಾಕಬಹುದು.

ಹಣಕಾಸಿನ ಹಿಂಸೆಯ ಬಗ್ಗೆ ನಮ್ಮ ಸದಸ್ಯರು ವಿಶೇಷವಾಗಿ ತಿಳಿಯಬೇಕು. ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಮೇವು ಹಾಕಿ, ಹಾಲು ಕರೆದು, ಡೇರಿಗೆ ಹಾಕಿ ಬರುವವಳು ಒಬ್ಬಳು. ಬಟವಾಡೆಯ ದಿನ ಅವಳ ಕೈಯಿಂದ ಹಣ ಕಿತ್ತುಕೊಂಡು ಹೋಗುವವನು ಇನ್ನೊಬ್ಬ. ಬ್ಯಾಂಕ್ ಖಾತೆ ಅವಳ ಹೆಸರಿನಲ್ಲಿದ್ದರೂ ಎಟಿಎಂ ಕಾರ್ಡು ಅವನ ಜೇಬಿನಲ್ಲಿರುತ್ತದೆ. ತವರಿನವರು ಕೊಡಿಸಿದ ಹಸುವನ್ನು ಹೇಳದೆ ಕೇಳದೆ ಸಂತೆಗೆ ಹೊಡೆದುಕೊಂಡು ಹೋಗಿ ಮಾರುವುದೂ ಉಂಟು. ಮನೆ ನಡೆಸಲು ಬೇಕಾದ ಹಣ ತಡೆಹಿಡಿಯುವುದು, ಅವಳ ಸ್ತ್ರೀಧನವನ್ನು ಅಥವಾ ಅವಳಿಗೆ ಪಾಲಿರುವ ಸೊತ್ತನ್ನು ಕಸಿಯುವುದು, ವಿಲೇವಾರಿ ಮಾಡುವುದು ಹಿಂಸೆಯೇ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ತವರಿನ ಉಡುಗೊರೆಯಾಗಿ ಬಂದ ಹಸು ಅವಳ ಸ್ತ್ರೀಧನ. "ನಮ್ಮ ಕೊಟ್ಟಿಗೆಯಲ್ಲಿದೆ, ನಮ್ಮದೇ" ಎಂಬ ವಾದ ನಿಲ್ಲುವುದಿಲ್ಲ.

ಪೊಲೀಸರ ಕರ್ತವ್ಯ ಏನು?

ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬೇಕು. ದಿನದ 24 ಗಂಟೆಯೂ ಉಚಿತ. ಪೆಟ್ಟು ತಿನ್ನುತ್ತಿರುವವಳೇ ಮಾಡಬೇಕೆಂದಿಲ್ಲ. ಕೂಗಾಟ ಕೇಳಿಸಿಕೊಂಡ ನೆರೆಯವರೂ ಮಾಡಬಹುದು. ಒಳ್ಳೆಯ ಉದ್ದೇಶದಿಂದ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಟ್ಟವರ ಮೇಲೆ ಯಾವುದೇ ಹೊಣೆ ಬರುವುದಿಲ್ಲವೆಂದು ಕಾಯ್ದೆಯ 4ನೇ ಕಲಂನಲ್ಲಿ ರಕ್ಷಣೆ ಕೊಡಲಾಗಿದೆ. "ನಮಗೇಕೆ ಇಲ್ಲದ ಉಸಾಬರಿ, ನಾಳೆ ಕೋರ್ಟಿಗೆ ಅಲೆಯಬೇಕಾದೀತು" ಎಂದು ಹಿಂಜರಿಯುವವರು ಇದನ್ನು ಗಮನಿಸಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಕೌಟುಂಬಿಕ ಹಿಂಸೆಯ ದೂರು ಬಂದ ಕೂಡಲೇ ಆ ಮಹಿಳೆಗೆ ಕೆಲವು ಸಂಗತಿಗಳನ್ನು ತಿಳಿಸುವುದು ಪೊಲೀಸ್ ಅಧಿಕಾರಿಯ ಕರ್ತವ್ಯವೆಂದು 5ನೇ ಕಲಂ ವಿಧಿಸುತ್ತದೆ. ರಕ್ಷಣೆ, ವಾಸ, ಜೀವನಾಂಶ, ಮಕ್ಕಳ ಪಾಲನೆ, ಪರಿಹಾರ ಇವುಗಳಿಗಾಗಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕುವ ಹಕ್ಕು ಅವಳಿಗಿದೆ ಎಂಬುದು ಮೊದಲನೆಯದು. ಸಂರಕ್ಷಣಾಧಿಕಾರಿಗಳ ಹಾಗೂ ನೋಂದಾಯಿತ ಸೇವಾ ಸಂಸ್ಥೆಗಳ ನೆರವು ಲಭ್ಯವಿದೆ ಎಂಬುದನ್ನೂ, ಉಚಿತ ಕಾನೂನು ನೆರವು ಸಿಗುತ್ತದೆ ಎಂಬುದನ್ನೂ, ಬೇಕಿದ್ದರೆ ಕ್ರಿಮಿನಲ್ ದೂರನ್ನೂ ಕೊಡಬಹುದು ಎಂಬುದನ್ನೂ ಅವರು ಹೇಳಬೇಕು. ಇದು ಪೊಲೀಸರು ಮಾಡುವ ಉಪಕಾರವಲ್ಲ, ಕಾನೂನಿನ ಕಟ್ಟಳೆ. ಹೇಳದಿದ್ದರೆ ನೀವೇ ಕೇಳಬಹುದು: "ಸಂರಕ್ಷಣಾಧಿಕಾರಿಗೆ ನನ್ನನ್ನು ಸೇರಿಸಿ."

ವಾಸ್ತವದಲ್ಲಿ ಅನೇಕ ಕಡೆ ನಡೆಯುವುದು ಹೀಗೆ: ಗಂಡನನ್ನು ಕರೆಸುತ್ತಾರೆ, ಗದರಿಸುತ್ತಾರೆ, ಇನ್ನು ಮುಂದೆ ಹೊಡೆಯುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ಇಬ್ಬರನ್ನೂ ಒಂದೇ ಬಸ್ಸಿನಲ್ಲಿ ಊರಿಗೆ ಕಳಿಸುತ್ತಾರೆ. ಮುಚ್ಚಳಿಕೆಯಿಂದ ಸರಿಹೋದ ಮನೆಗಳೂ ಇವೆ, ಇಲ್ಲವೆನ್ನುವಂತಿಲ್ಲ. ಆದರೆ ಠಾಣೆಯಲ್ಲಿ ನಾಲ್ಕು ಜನರ ಎದುರು ತಲೆ ತಗ್ಗಿಸಿ ನಿಂತವನು ಮನೆಗೆ ಹೋಗಿ ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾನೆ ಎಂಬುದನ್ನು ಹೇಳಬೇಕಾಗಿಲ್ಲ. ರಾಜಿಯಾದರೂ ಆಗದಿದ್ದರೂ, ಆ ಹೆಣ್ಣುಮಗಳಿಗೆ ಮುಂದಿನ ದಾರಿ ತಿಳಿಸಿ ಕಳಿಸುವುದು ಮಾತ್ರ ತಪ್ಪಬಾರದು ಎಂಬುದು ನನ್ನ ಅಭಿಪ್ರಾಯ.

ಮುಂಬೈಯಲ್ಲಿ 1984ರಲ್ಲೇ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಪೊಲೀಸ್ ಆಯುಕ್ತರ ಕಚೇರಿಯೊಳಗೇ ಮಹಿಳೆಯರು ಮತ್ತು ಮಕ್ಕಳಿಗಾಗಿ ವಿಶೇಷ ಘಟಕವೊಂದನ್ನು ತೆರೆದರು. ತರಬೇತಿ ಪಡೆದ ಸಮಾಜ ಕಾರ್ಯಕರ್ತರು ಪೊಲೀಸರ ಪಕ್ಕದಲ್ಲೇ ಕುಳಿತು ಕೆಲಸ ಮಾಡುವ ಏರ್ಪಾಡು ಅದು. ಪೊಲೀಸರಿಗೆ ಅಧಿಕಾರವಿದೆ, ಆದರೆ ಒಬ್ಬೊಬ್ಬರ ಕಷ್ಟವನ್ನು ಗಂಟೆಗಟ್ಟಲೆ ಕೇಳಲು ಸಮಯವಿಲ್ಲ. ಸಮಾಜ ಕಾರ್ಯಕರ್ತರಿಗೆ ಸಮಯವಿದೆ, ಅಧಿಕಾರವಿಲ್ಲ. ಎರಡನ್ನೂ ಒಂದೇ ಸೂರಿನಡಿ ತಂದದ್ದು ಅದರ ಹೆಚ್ಚುಗಾರಿಕೆ.

ಚೀಟಿ ಕೊಟ್ಟು ಕಳಿಸುವುದು, ಕರೆದೊಯ್ದು ಒಪ್ಪಿಸುವುದು

ಕ್ಲಿಷ್ಟವಾದ ಹೆರಿಗೆಯ ಹಸುವನ್ನು ನಾವು ಜಿಲ್ಲಾ ಪಾಲಿಕ್ಲಿನಿಕ್ಕಿಗೆ ಕಳಿಸುವಾಗ ಸುಮ್ಮನೆ "ಅಲ್ಲಿಗೆ ಹೋಗಿ" ಎನ್ನುವುದಿಲ್ಲ. ಏನು ಚಿಕಿತ್ಸೆ ಆಗಿದೆ ಎಂದು ಬರೆದುಕೊಡುತ್ತೇವೆ, ಅಲ್ಲಿನ ವೈದ್ಯರಿಗೆ ಫೋನು ಮಾಡುತ್ತೇವೆ, ತಲುಪಿತೋ ಇಲ್ಲವೋ ವಿಚಾರಿಸುತ್ತೇವೆ. ಠಾಣೆಯಿಂದ ಮಹಿಳೆಯನ್ನು ನೆರವಿನ ಕೇಂದ್ರಕ್ಕೆ ಕಳಿಸುವುದಕ್ಕೂ ಇಷ್ಟೇ ಕಾಳಜಿ ಬೇಕು. ದೂರವಾಣಿ ಸಂಖ್ಯೆ ಬರೆದ ಚೀಟಿ ಕೈಗೆ ಕೊಟ್ಟರೆ ಅದು ಸೆರಗಿನ ಗಂಟಿನಲ್ಲೇ ಉಳಿಯುತ್ತದೆ, ಇಲ್ಲವೇ ಗಂಡನ ಕೈಗೆ ಸಿಕ್ಕಿ ಇನ್ನೊಂದು ಹೊಡೆತಕ್ಕೆ ಕಾರಣವಾಗುತ್ತದೆ. ಅವಳ ಒಪ್ಪಿಗೆ ಪಡೆದು, ಠಾಣೆಯಿಂದಲೇ ಸಂರಕ್ಷಣಾಧಿಕಾರಿಗೆ ಅಥವಾ ಸಖಿ ಕೇಂದ್ರಕ್ಕೆ ಫೋನು ಮಾಡಿ, ಅವಳನ್ನು ಅವರೊಂದಿಗೆ ಮಾತನಾಡಿಸಿದರೆ ಅರ್ಧ ಕೆಲಸ ಆದಂತೆ.

ಒಪ್ಪಿಗೆ ಎಂಬುದನ್ನು ಮರೆಯಬಾರದು. ಪ್ರಾಣಾಪಾಯವಿದ್ದಾಗ ಮಾತು ಬೇರೆ. ಉಳಿದಂತೆ ಯಾವ ನೆರವು ಬೇಕು, ಯಾವುದು ಬೇಡ ಎಂದು ತೀರ್ಮಾನಿಸುವವಳು ಅವಳೇ.

ಇನ್ನೊಂದು ಸೂಕ್ಷ್ಮ: ಅವಳಿಗೆ ಯಾವ ಸಂಖ್ಯೆಗೆ, ಯಾವ ಹೊತ್ತಿನಲ್ಲಿ ಫೋನು ಮಾಡಬೇಕು ಎಂದು ಮೊದಲೇ ಕೇಳಿ ಬರೆದುಕೊಳ್ಳಬೇಕು. ಬಹಳಷ್ಟು ಮನೆಗಳಲ್ಲಿ ಮೊಬೈಲು ಗಂಡನದೋ ಮಗನದೋ ಆಗಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಒಬ್ಬ ಹೆಣ್ಣುಮಗಳು ಯಾರ ಅನುಮತಿಯೂ ಇಲ್ಲದೆ, ಯಾರಿಗೂ ಅನುಮಾನ ಬಾರದಂತೆ ದಿನಕ್ಕೆ ಎರಡು ಸಲ ಒಬ್ಬಳೇ ಹೋಗಿ ಬರುವ ಜಾಗ ಯಾವುದು? ಹಾಲಿನ ಡೇರಿ. "ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಮಾಡಿ" ಎಂದು ಅವಳು ಹೇಳಬಹುದು. ಡೇರಿ ಎಂದರೆ ಹಾಲು ಅಳೆಯುವ ಜಾಗ ಮಾತ್ರವಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಯಾರು ಯಾರು ಏನು ಮಾಡುತ್ತಾರೆ?

ಸಂರಕ್ಷಣಾಧಿಕಾರಿ ಎಂದರೆ ಯಾರೋ ದೂರದ ದೊಡ್ಡ ಅಧಿಕಾರಿ ಎಂದುಕೊಳ್ಳಬೇಡಿ. ಕರ್ನಾಟಕದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ತಾಲ್ಲೂಕು ಮಟ್ಟದ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನೇ, ಅಂದರೆ ನಾವೆಲ್ಲ ಸಿಡಿಪಿಒ ಎನ್ನುವವರನ್ನೇ, ಸಂರಕ್ಷಣಾಧಿಕಾರಿಗಳೆಂದು ನೇಮಿಸಲಾಗಿದೆ. ನಿಮ್ಮೂರಿನ ಅಂಗನವಾಡಿ ನಡೆಯುವುದು ಇದೇ ಕಚೇರಿಯ ಅಧೀನದಲ್ಲಿ. ಆದ್ದರಿಂದ ಅಂಗನವಾಡಿ ಕಾರ್ಯಕರ್ತೆಯ ಮೂಲಕವೂ ಅವರನ್ನು ತಲುಪಬಹುದು. ನಡೆದದ್ದನ್ನೆಲ್ಲ ಕೇಳಿ ನಿಗದಿತ ನಮೂನೆಯಲ್ಲಿ ಕೌಟುಂಬಿಕ ಘಟನಾ ವರದಿ ಬರೆಯುವುದು, ಅದನ್ನು ಮ್ಯಾಜಿಸ್ಟ್ರೇಟರಿಗೆ ಸಲ್ಲಿಸುವುದು, ಪ್ರತಿಯನ್ನು ಠಾಣೆಗೆ ಕೊಡುವುದು, ವೈದ್ಯಕೀಯ ಪರೀಕ್ಷೆ ಮಾಡಿಸುವುದು, ಆಶ್ರಯ ಒದಗಿಸುವುದು ಇವು ಅವರ ಕೆಲಸ. ಇದಕ್ಕೆ ಶುಲ್ಕವಿಲ್ಲ.

ಸಖಿ ಒನ್ ಸ್ಟಾಪ್ ಕೇಂದ್ರಗಳು 2015ರಿಂದ ದೇಶದಾದ್ಯಂತ ಹಂತ ಹಂತವಾಗಿ ಆರಂಭವಾದವು. ವೈದ್ಯಕೀಯ ನೆರವು, ಪೊಲೀಸ್ ನೆರವು, ಆಪ್ತ ಸಮಾಲೋಚನೆ, ಕಾನೂನು ಸಲಹೆ, ಜೊತೆಗೆ ಸಾಮಾನ್ಯವಾಗಿ ಐದು ದಿನಗಳವರೆಗೆ ತಂಗಲು ಜಾಗ, ಇವೆಲ್ಲ ಒಂದೇ ಕಡೆ. ಹೆಚ್ಚಿನ ದಿನ ಇರಬೇಕಾದರೆ ಬೇರೆ ಆಶ್ರಯ ಗೃಹಕ್ಕೆ ಕಳಿಸುತ್ತಾರೆ. 181 ಮಹಿಳಾ ಸಹಾಯವಾಣಿಗೆ ಫೋನು ಮಾಡಿದರೆ ಹತ್ತಿರದ ಕೇಂದ್ರಕ್ಕೆ ಸಂಪರ್ಕ ಕಲ್ಪಿಸುತ್ತಾರೆ. ಕೆಲವು ತಾಲ್ಲೂಕುಗಳಲ್ಲಿ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಸಾಂತ್ವನ ಕೇಂದ್ರಗಳೂ ಇವೆ.

ವಕೀಲರ ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಎಲ್ಲಾ ಮಹಿಳೆಯರಿಗೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಸಹಾಯವಾಣಿ 15100.

ಆಸ್ಪತ್ರೆಯಲ್ಲಿ ನಿಜ ಹೇಳಿ

ಗಾಯವಾಗಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ "ಬಚ್ಚಲಲ್ಲಿ ಜಾರಿಬಿದ್ದೆ", "ಹಸು ಒದೆಯಿತು" ಎಂದರೆ ವೈದ್ಯರು ಹಾಗೆಯೇ ಬರೆದುಕೊಳ್ಳುತ್ತಾರೆ, ಮುಂದೆ ನ್ಯಾಯಾಲಯದಲ್ಲಿ ಆ ಬರಹವೇ ನಿಮಗೆ ಅಡ್ಡಿಯಾಗುತ್ತದೆ. ಯಾರು, ಯಾವುದರಿಂದ, ಯಾವಾಗ ಹೊಡೆದರು ಎಂದು ಹೇಳಿ, ಎಂ.ಎಲ್.ಸಿ. ಮಾಡಿಸಿ. ದೂರು ಕೊಟ್ಟಿಲ್ಲ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ.

ಒಂದು ಎಚ್ಚರಿಕೆ. ಗಂಡ ಒಮ್ಮೆಯಾದರೂ ಕುತ್ತಿಗೆ ಹಿಸುಕಿದ್ದರೆ, ಮಚ್ಚು ಕುಡುಗೋಲು ತೋರಿಸಿ ಬೆದರಿಸಿದ್ದರೆ, ಗರ್ಭಿಣಿಯಿದ್ದಾಗ ಹೊಡೆದಿದ್ದರೆ ಅದನ್ನು ಸಾಮಾನ್ಯ ಹೊಡೆತವೆಂದು ಎಣಿಸಬಾರದು. ಇವು ಜೀವಕ್ಕೆ ಅಪಾಯವಿರುವ ಲಕ್ಷಣಗಳು. ಕುತ್ತಿಗೆ ಹಿಸುಕಿದಾಗ ಹೊರಗೆ ಗುರುತು ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು. ಧ್ವನಿ ಒಡೆದಿದ್ದರೆ, ನುಂಗಲು ಕಷ್ಟವಾದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಪೊಲೀಸರಿಗೂ ಈ ಮಾತನ್ನು ಮೊದಲೇ ಹೇಳಿಬಿಡಬೇಕು.

ಎರಡು ದಾರಿಗಳು

"ಗಂಡನನ್ನು ಜೈಲಿಗೆ ಹಾಕಿಸಿದವಳು ಎನ್ನಿಸಿಕೊಳ್ಳಲೇ?" ಎಂಬುದು ಅನೇಕರ ಅಂಜಿಕೆ. ಇಲ್ಲಿ ಎರಡು ದಾರಿಗಳಿವೆ, ಒಂದನ್ನು ಹಿಡಿದರೆ ಇನ್ನೊಂದನ್ನೂ ಹಿಡಿಯಲೇಬೇಕೆಂದಿಲ್ಲ.

ಮೊದಲನೆಯದು ಕ್ರಿಮಿನಲ್ ದೂರು. ಗಂಡ ಅಥವಾ ಅವನ ಸಂಬಂಧಿಕರ ಕ್ರೌರ್ಯಕ್ಕೆ ಹಿಂದೆ ಭಾರತೀಯ ದಂಡ ಸಂಹಿತೆಯ 498ಎ ಕಲಂ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಅದರ ಜಾಗದಲ್ಲಿದೆ. ಮೂರು ವರ್ಷದವರೆಗೆ ಸಜೆ ಹಾಗೂ ದಂಡ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ತವರೂರಿನ ಠಾಣೆಯಲ್ಲಿಯೂ. "ಇದು ನಮ್ಮ ಸರಹದ್ದಲ್ಲ" ಎಂದು ವಾಪಸು ಕಳಿಸುವಂತಿಲ್ಲ. ಪ್ರಥಮ ವರ್ತಮಾನ ವರದಿಯ ಪ್ರತಿ ಉಚಿತ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯ ಮೂಲಕ ಕಳಿಸಬಹುದು. ಬರಿ ಅರ್ಜಿ ಕೊಟ್ಟಿದ್ದರೆ ಹಿಂಬರಹ ಕೇಳಿ ಪಡೆಯಿರಿ.

ಎರಡನೆಯದು 2005ರ ಕಾಯ್ದೆಯ ದಾರಿ. ಇಲ್ಲಿ ಮೊದಲಿಗೆ ಜೈಲಿನ ಮಾತಿಲ್ಲ; ಹಿಂಸೆ ನಿಲ್ಲಿಸುವುದೇ ಗುರಿ. ಹೊಡೆಯಕೂಡದು, ಹತ್ತಿರ ಬರಕೂಡದು ಎಂದು ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ಮನೆ ಯಾರ ಹೆಸರಿನಲ್ಲಿದ್ದರೂ ಅವಳು ಬಾಳಿದ ಮನೆಯಿಂದ ಕಾನೂನಿನ ಕ್ರಮವಿಲ್ಲದೆ ಹೊರಹಾಕುವಂತಿಲ್ಲ. ಆ ಮನೆ ಅತ್ತೆ ಮಾವಂದಿರ ಹೆಸರಿನಲ್ಲಿದ್ದರೂ ಈ ಹಕ್ಕು ಇರಬಹುದೆಂದು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಮ್ಮ ಸದಸ್ಯರಿಗೆ ಬಹು ಮುಖ್ಯವಾದದ್ದು: ಸೊತ್ತನ್ನು ಮಾರಕೂಡದು, ಬ್ಯಾಂಕ್ ಖಾತೆಯನ್ನು ಅನುಮತಿಯಿಲ್ಲದೆ ನಡೆಸಕೂಡದು ಎಂದೂ, ಸ್ತ್ರೀಧನವನ್ನು ಹಿಂದಿರುಗಿಸಬೇಕು ಎಂದೂ ಆದೇಶಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಅಂದರೆ ಹಸುವನ್ನು ಸಂತೆಗೆ ಹೊಡೆಯದಂತೆ ತಡೆಯಬಹುದು, ಹೊಡೆದೊಯ್ದ ಹಸುವನ್ನು ಕೇಳಬಹುದು.

ಅರ್ಜಿ ಬಂದ ಮೂರು ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ನಡೆಯಬೇಕು, 60 ದಿನದೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ತಡವಾಗುವುದೇ ಹೆಚ್ಚು. ಆದ್ದರಿಂದ ಅರ್ಜಿಯ ಜೊತೆಯಲ್ಲೇ ಮಧ್ಯಂತರ ಆದೇಶ ಕೇಳುವಂತೆ ವಕೀಲರಿಗೆ ಹೇಳಬೇಕು. ಆದೇಶದ ಪ್ರತಿ ಠಾಣೆಗೂ ಹೋಗುತ್ತದೆ. ಸಂರಕ್ಷಣಾ ಆದೇಶ ಮೀರಿದರೆ ಆಗ ಜೈಲಿನ ಮಾತು ಬರುತ್ತದೆ: ಒಂದು ವರ್ಷದವರೆಗೆ ಸಜೆ, 20 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹಸುವನ್ನು ಬಿಟ್ಟು ಹೋಗುವುದು ಹೇಗೆ?

ಕಾನೂನಿನ ಪುಸ್ತಕದಲ್ಲಿಲ್ಲದ, ನಮ್ಮ ಸದಸ್ಯರಿಗೆ ಮಾತ್ರ ಅರ್ಥವಾಗುವ ತೊಡಕೊಂದಿದೆ. ಬೆಳಿಗ್ಗೆ ಹತ್ತು ಲೀಟರ್, ಸಂಜೆ ಎಂಟು ಲೀಟರ್ ಕರೆಯುವ ಮಿಶ್ರತಳಿ ಹಸುವನ್ನು ಕಟ್ಟಿಕೊಂಡವಳು ತಾಲ್ಲೂಕಿಗೆ ಹೋಗಿ ಸಂಜೆಯೊಳಗೆ ಹಿಂದಿರುಗಲೇಬೇಕು. ಕರೆಯದೆ ಬಿಟ್ಟರೆ ಕೆಚ್ಚಲು ಬಿಗಿಯುತ್ತದೆ, ಬಾವು ಬರುತ್ತದೆ. ಒಂದು ಮೊಲೆ ಕೆಟ್ಟರೆ ಆ ಸೂಲು ಹೋದಂತೆಯೇ. ಸಖಿ ಕೇಂದ್ರದಲ್ಲಿ ಎರಡು ದಿನ ಇರಬೇಕಾದವಳು ಹಸುವಿನ ಚಿಂತೆಯಿಂದಲೇ ಹೊಡೆಯುವ ಮನೆಗೆ ಮರಳುತ್ತಾಳೆ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಂಡೀತು. ನಿಮಗೆ ಕಾಣದು.

ಆದ್ದರಿಂದ ನಂಬಿಕೆಯ ನೆರೆಯವರೊಬ್ಬರೊಂದಿಗೆ ಮೊದಲೇ ಮಾತಾಡಿಡುವುದು ಒಳ್ಳೆಯದು. ಹೊಸ ಕೈಗೆ ಹಸು ಮೊದಲ ಒಂದೆರಡು ಹೊತ್ತು ಸರಿಯಾಗಿ ಹಾಲು ಇಳಿಸದಿರಬಹುದು. ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಎಂದಿನ ಹಿಂಡಿ ಇಟ್ಟು, ಗದ್ದಲವಿಲ್ಲದೆ ಕರೆಯಬೇಕು. ಕರು ಇದ್ದರೆ ಬಿಟ್ಟು ಕರೆಯಬೇಕು. ಕಾರ್ಯದರ್ಶಿಗಳು ಆ ಹಾಲನ್ನು ಅವಳ ಸದಸ್ಯ ಸಂಖ್ಯೆಯಲ್ಲೇ ಬರೆದುಕೊಳ್ಳಬೇಕು. ಕೊಟ್ಟಿಗೆಗೆ ಹೋಗಲು ಮನೆಯವರು ಬಿಡದಿದ್ದರೆ ನೆರೆಯವರು ಅಲ್ಲಿ ಜಗಳ ತೆಗೆಯದೆ, ಹಸು ಕರೆಯದೆ ನಿಂತಿರುವ ಸಂಗತಿಯನ್ನು ಠಾಣೆಗೂ ನಮ್ಮ ಶಿಬಿರ ಕಚೇರಿಗೂ ತಿಳಿಸಬೇಕು.

ದಾಖಲೆಗಳು

ಬಟ್ಟೆಬರೆಯ ಜೊತೆ ಈ ಕಾಗದಗಳನ್ನು, ಅಥವಾ ಅವುಗಳ ಜೆರಾಕ್ಸ್ ಪ್ರತಿಗಳನ್ನು ತವರಿನಲ್ಲೋ ಗೆಳತಿಯ ಮನೆಯಲ್ಲೋ ಇಟ್ಟಿರಬೇಕು: ಆಧಾರ್, ಪಡಿತರ ಚೀಟಿ, ಮದುವೆಯ ಫೋಟೋ, ಬ್ಯಾಂಕ್ ಪಾಸ್ ಪುಸ್ತಕ, ಮಕ್ಕಳ ಜನನ ಪ್ರಮಾಣಪತ್ರ. ಇವನ್ನು ಯಾರಾದರೂ ಹೇಳುತ್ತಾರೆ. ಹಾಲು ಉತ್ಪಾದಕಿಗೆ ಇನ್ನೂ ಕೆಲವು ಬೇಕು. ಡೇರಿಯ ಸದಸ್ಯತ್ವದ ಷೇರು ರಸೀದಿ, ಹಾಲಿನ ಪಾಸ್ ಪುಸ್ತಕ, ಬಟವಾಡೆ ಚೀಟಿಗಳು, ಹಸು ಕೊಂಡ ಸಾಲದ ಕಾಗದ, ರಾಸು ವಿಮೆಯ ಪಾಲಿಸಿ ಇವು ಯಾರ ದುಡಿಮೆ, ಯಾರ ಸೊತ್ತು ಎಂಬುದನ್ನು ತೋರಿಸುತ್ತವೆ.

ಕಿವಿಯೋಲೆಯ ವಿಚಾರವನ್ನು ಒತ್ತಿ ಹೇಳುತ್ತೇನೆ. ಹಸುವಿನ ಕಿವಿಯಲ್ಲಿರುವ ಹಳದಿ ಓಲೆಯ 12 ಅಂಕಿಯ ಸಂಖ್ಯೆ ಒಬ್ಬ ಮಾಲೀಕರ ಹೆಸರಿಗೆ ನೋಂದಣಿಯಾಗಿರುತ್ತದೆ. ನಮ್ಮ ಸಿಬ್ಬಂದಿ ಓಲೆ ಹಾಕಲು ಬಂದಾಗ ಹೆಂಗಸರು ಹೆಚ್ಚಾಗಿ ಗಂಡನ ಹೆಸರನ್ನೇ ಬರೆಸುತ್ತಾರೆ. ತವರಿನಿಂದ ಬಂದ ಹಸುವಾದರೆ, ನಿಮ್ಮ ಸಾಲದಿಂದ ಕೊಂಡ ಹಸುವಾದರೆ ನಿಮ್ಮ ಹೆಸರನ್ನೇ ಬರೆಸಿ. ವಿಮೆಯನ್ನೂ ಅದೇ ಹೆಸರಿನಲ್ಲಿ ಮಾಡಿಸಿ. ಆ ಸಂಖ್ಯೆಯನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಹಸು ಕಾಣೆಯಾದರೆ ದೂರಿನಲ್ಲಿ ಬರೆಯಲು ಬಣ್ಣ, ಸುಳಿ, ಕೊಂಬಿಗಿಂತ ಅದೇ ಗಟ್ಟಿ.

ಸಂಘದ ಕಾರ್ಯದರ್ಶಿ ಮತ್ತು ನಿರ್ದೇಶಕರಿಗೆ

ಸದಸ್ಯೆಯ ಸಹಿ ಇಲ್ಲದೆ, ಗಂಡನ ಮಾತಿನ ಮೇಲೆ ಬಟವಾಡೆಯ ಬ್ಯಾಂಕ್ ಖಾತೆಯನ್ನು ಬದಲಾಯಿಸಬೇಡಿ. ಅವಳ ಲೆಕ್ಕವನ್ನು ಅವಳಿಗೆ ಮಾತ್ರ ತೋರಿಸಿ. ಮಹಿಳೆಯೊಬ್ಬರು ತನ್ನ ಹೆಸರಿನಲ್ಲಿ ಸದಸ್ಯತ್ವ ಕೇಳಿದರೆ ಉಪವಿಧಿಯಲ್ಲಿ ಇರುವ ಅವಕಾಶವನ್ನು ವಿವರಿಸಿ ಅರ್ಜಿ ಪಡೆಯಿರಿ.

ವಿಷಯ ಕಿವಿಗೆ ಬಿದ್ದ ಕೂಡಲೇ ನಾಲ್ಕು ಜನ ನಿರ್ದೇಶಕರು ಸೇರಿ ಗಂಡನನ್ನು ಕರೆಸಿ ಪಂಚಾಯ್ತಿ ಮಾಡುವುದು ಬೇಡ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅವಳು ನಿಮಗೆ ಹೇಳಿದ್ದಾಳೆಂದು ಗಂಡನಿಗೆ ಗೊತ್ತಾದ ರಾತ್ರಿ ಆ ಮನೆಯಲ್ಲಿ ನೀವು ಇರುವುದಿಲ್ಲ. ನಿಮ್ಮ ಕೆಲಸ ಇಷ್ಟೇ: ಅವಳು ಕೇಳಿದರೆ ಡೇರಿಯ ಫೋನು ಕೊಡುವುದು, ಬಾಗಿಲು ಮುಂದೆ ಮಾಡುವುದು, ಕೇಳಿದ್ದನ್ನು ಹೊರಗೆ ಆಡದಿರುವುದು. ಕ್ಯಾನು ಇಳಿಸುವ ಹೊತ್ತಿನ ಹರಟೆಗೆ ಇದು ವಸ್ತುವಾಗಬಾರದು.

ಡೇರಿಯ ಗೋಡೆಯ ಮೇಲೆ, ಫ್ಯಾಟಿನ ದರಪಟ್ಟಿಯ ಪಕ್ಕದಲ್ಲಿ, 112, 181, 15100 ಮತ್ತು ನಿಮ್ಮ ತಾಲ್ಲೂಕಿನ ಸಿಡಿಪಿಒ ಕಚೇರಿಯ ಸಂಖ್ಯೆಯನ್ನು ದೊಡ್ಡಕ್ಷರದಲ್ಲಿ ಬರೆಸಿ. ದರಪಟ್ಟಿ ನೋಡುವವಳು ಯಾವುದನ್ನು ನೋಡುತ್ತಿದ್ದಾಳೆ ಎಂದು ಯಾರಿಗೂ ತಿಳಿಯುವುದಿಲ್ಲ.

ಔಷಧಿಯ ಬಗ್ಗೆ ಒಂದು ಮಾತು

ಉಣ್ಣೆ, ಹೇನಿಗೆ ನಾವು ಕೊಡುವ ಔಷಧಿಗಳು ಮತ್ತು ಹೊಲಕ್ಕೆ ಸಿಂಪಡಿಸುವ ಕೀಟನಾಶಕಗಳು ಮನುಷ್ಯರಿಗೆ ವಿಷ. ಹಿಂಸೆ ನಡೆಯುವ ಮನೆಗಳಲ್ಲಿ ಮನನೊಂದ ಗಳಿಗೆಯಲ್ಲಿ ಕೈಗೆ ಸಿಗುವುದು ಇವೇ. ಬೇಕಾದಷ್ಟನ್ನೇ ತನ್ನಿ, ಉಳಿದದ್ದನ್ನು ಬೀಗ ಹಾಕಿ ಇಡಿ ಅಥವಾ ನಮ್ಮ ಸಿಬ್ಬಂದಿಗೆ ಹಿಂದಿರುಗಿಸಿ. ಬದುಕು ಬೇಡವೆನಿಸುವಷ್ಟು ನೋವಾದಾಗ 14416 ಟೆಲಿಮಾನಸ್ ಸಹಾಯವಾಣಿಗೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಯಾರಾದರೂ ವಿಷ ಸೇವಿಸಿದ್ದು ತಿಳಿದರೆ ಮನೆಮದ್ದು ಮಾಡದೆ, ವಾಂತಿ ಮಾಡಿಸಲು ಹೋಗದೆ, ಔಷಧಿಯ ಬಾಟಲಿಯನ್ನೂ ಜೊತೆಗಿಟ್ಟುಕೊಂಡು ತಕ್ಷಣ ಆಸ್ಪತ್ರೆಗೆ ಸಾಗಿಸಿ. ಯಾವ ಔಷಧಿ ಎಂಬುದು ಬಾಟಲಿಯಿಂದ ತಿಳಿದರೆ ವೈದ್ಯರಿಗೆ ಚಿಕಿತ್ಸೆ ಸುಲಭ.

ಮನೆಯಲ್ಲಿ ಮಕ್ಕಳಿಗೂ ಹೊಡೆತ ಬೀಳುತ್ತಿದ್ದರೆ 1098, ವಯಸ್ಸಾದ ತಂದೆ ತಾಯಿಯರನ್ನು ನೋಡಿಕೊಳ್ಳದೆ ಹಿಂಸಿಸುತ್ತಿದ್ದರೆ 14567. ಮೇಲಿನ ಸಂಖ್ಯೆಗಳಿಗೆಲ್ಲ ಯಾವುದೇ ಫೋನಿನಿಂದ ಕರೆ ಮಾಡಬಹುದು. ಕರೆ ಮಾಡಿದ ಮೇಲೆ ಆ ಸಂಖ್ಯೆಯನ್ನು ಫೋನಿನ ಪಟ್ಟಿಯಿಂದ ಅಳಿಸುವುದನ್ನು ಮರೆಯಬೇಡಿ.